ಅನಂತರಾಜು ಮನೆಯ ಗಾಳಿ

ಉಪ್ಪಾರಹಳ್ಳಿಯ ಅನಂತರಾಜುವಿಗೆ ಒಂದೇ ಒಂದು ಕೆಟ್ಟ ಅಭ್ಯಾಸವಿತ್ತು. ಬೀಡಿ ಸಿಗರೇಟು ಇಲ್ಲ, ಇಸ್ಪೀಟು ಇಲ್ಲ, ಸಂಜೆ ಆರಕ್ಕೆಲ್ಲ ಮನೆ ಸೇರುತ್ತಿದ್ದ. ಆದರೆ ಮನೆ ಸೇರುತ್ತಿದ್ದುದು ಮೈ ಮಾತ್ರ. ಮನಸ್ಸು ಯಾವ ಬಸ್ಸು ಹತ್ತಿ ಯಾವ ಊರಿನಲ್ಲಿ ಇಳಿಯಿತು ಎಂಬುದು ಅವನಿಗೂ ಗೊತ್ತಿರುತ್ತಿರಲಿಲ್ಲ. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಸ್ಟೋರ್‌ಕೀಪರ್. ನಟ್ಟು ಬೋಲ್ಟು ಕೇಳಿಕೊಂಡು ಬಂದವರಿಗೆ ನಟ್ಟು ಬೋಲ್ಟು ಕೊಡುವುದು, ಅವರು ಹೋದ ಮೇಲೆ ಕಿಟಕಿಯ ಆಚೆ ನೀಲಗಿರಿ ಮರ ತೂಗುವುದನ್ನು ನೋಡುತ್ತ ಕೂರುವುದು, ಇವೆರಡು ಅವನ ಉದ್ಯೋಗ. ಎರಡನೆಯದಕ್ಕೆ ಸಂಬಳವಿರಲಿಲ್ಲ, ಆದರೂ ಅದನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದ.

ಈ ಸಲ ಆಷಾಢ ಹುಟ್ಟುತ್ತಿದ್ದಂತೆ ಅವನ ಹೆಂಡತಿ ಸಂಧ್ಯಾ ತವರಿಗೆ ಹೊರಟಳು. ಮದುವೆಯಾಗಿ ಇಪ್ಪತ್ತಮೂರು ವರ್ಷದ ಮೇಲೆ ಆಷಾಢಕ್ಕೆ ತವರಿಗೆ ಹೋದವಳು ಇಡೀ ಬೀದಿಗೆ ಅವಳೊಬ್ಬಳೇ ಇರಬೇಕು. ಕುಣಿಗಲ್ಲಿನಲ್ಲಿ ಅವಳ ತಾಯಿ ಗಂಗಲಕ್ಷ್ಮಮ್ಮನವರಿಗೆ ಮಂಡಿ ಆಪರೇಷನ್ ಆಗಿತ್ತು. ಅಳಿಯನ ಮನೆಯಲ್ಲಿ ಕಾಲು ಚಾಚಿ ಮಲಗುವ ಪೈಕಿ ತಾನಲ್ಲ ಎಂದು ಅವರು ಹಟ ಹಿಡಿದಿದ್ದರಿಂದ ಮಗಳೇ ಹೋಗಬೇಕಾಯಿತು. ಹೊರಡುವ ದಿನ ಅನಂತರಾಜು ತಾನೂ ಒಂದು ಕೈ ಸಹಾಯ ಮಾಡೋಣವೆಂದು ಕುಕ್ಕರಿಗೆ ಅಕ್ಕಿ ಹಾಕಿ ಒಲೆ ಹಚ್ಚಿದ. ನೀರು ಹಾಕಬೇಕಾದ ಹೊತ್ತಿಗೆ ಕಿಟಕಿಯ ಹೊರಗೆ ಯಾರದೋ ಗಾಳಿಪಟ ಹಾರುತ್ತಿತ್ತು.

"ಅವ್ವನ್ನ ನೋಡ್ಕೊಳ್ಳೋಕೆ ಹೋಗ್ಲೋ, ನಿಮ್ಮನ್ನ ನೋಡ್ಕೊಂಡು ಇಲ್ಲೇ ಇರ್ಲೋ?" ಸಂಧ್ಯಾ ಸೀದುಹೋದ ಕುಕ್ಕರು ತಿಕ್ಕುತ್ತ ಕೇಳಿದಳು. "ಗಾಳಿಗೋಪುರ ಕಟ್ಟೋದು ಬಿಟ್ರೆ ನಿಮಗೆ ಇನ್ನೇನ್ ಬರುತ್ತೆ ಹೇಳಿ. ನಾನು ಬರೋದ್ರೊಳಗೆ ಒಂದ್ ಕೆಲ್ಸ, ಒಂದೇ ಒಂದ್ ಕೆಲ್ಸ, ನಂಗೆ ಫೋನ್ ಮಾಡಿ ಕೇಳ್ದೆ ಮುಗಿಸಿ ನೋಡೋಣ. ಆಮೇಲೆ ಜನ್ಮದಲ್ಲಿ ಈ ಮಾತಾಡಲ್ಲ."

"ಮುಗಿಸ್ತೀನಿ, ನೋಡ್ತಿರು," ಎಂದ ಅನಂತರಾಜು.

ಯಾವ ಕೆಲಸ ಎಂಬುದು ಅವನಿಗೂ ತಿಳಿಯದು. ಆದರೆ ಈ ಸಲ ಆ ಮಾತು ಅವನಿಗೆ ನಿಜವಾಗಿಯೂ ನೋವು ಮಾಡಿತ್ತು. ಬಸ್ಸು ಹತ್ತಿಸಿ ಬಂದವನು ಬಹಳ ಹೊತ್ತು ಖಾಲಿ ಅಡುಗೆಮನೆಯಲ್ಲಿ ನಿಂತಿದ್ದ.

ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಸೋಮವಾರ ಊಟದ ಹೊತ್ತಿನಲ್ಲಿ ಒಂದು ವಿಜ್ಞಾನ ಕೂಟದ ಹುಡುಗಿ, ರಮ್ಯಶ್ರೀ ಅಂತ, ಕಾರ್ಖಾನೆಗೆ ಬಂದು ಎಲ್ಲರನ್ನೂ ಕೂರಿಸಿಕೊಂಡು ಊರಿನ ಗಾಳಿಯ ಬಗ್ಗೆ ಮಾತಾಡಿದಳು. ಅವಳ ಕೈಯಲ್ಲಿ ಟಿಫನ್ ಡಬ್ಬಿಯಷ್ಟಗಲದ ಬಿಳಿಯ ಪೆಟ್ಟಿಗೆಯಿತ್ತು. ಅದನ್ನು ತಾರಸಿಯಲ್ಲಿ ಕಟ್ಟಿ ಮನೆಯ ವೈಫೈಗೆ ಸೇರಿಸಿದರೆ ಸಾಕು, ಅಲ್ಲಿಯ ಗಾಳಿಯಲ್ಲಿ ಎಷ್ಟು ಧೂಳು, ಎಷ್ಟು ಹೊಗೆ ಎಂದು ಅಳೆದು ಕಳಿಸುತ್ತಿರುತ್ತದೆ. ತುಮಕೂರಿನ ನಕ್ಷೆಯಲ್ಲಿ ಆ ಮನೆ ಒಂದು ಚುಕ್ಕಿಯಾಗಿ ಮೂಡುತ್ತದೆ. ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಹಳದಿ, ಪೂರ್ತಿ ಕೆಟ್ಟರೆ ಕೆಂಪು. ಚುಕ್ಕಿಯನ್ನು ಮುಟ್ಟಿದರೆ ಹೆಸರು ಬರುತ್ತದೆ. ಲೋಕದಲ್ಲಿ ಯಾರು ಎಲ್ಲಿ ಕೂತಾದರೂ ನೋಡಬಹುದು.

ಎಲ್ಲಿ ಕೂತಾದರೂ ಎಂದರೆ ಕುಣಿಗಲ್ಲಿನಲ್ಲಿ ಕೂತು ಕೂಡ ಎಂದು ಅನಂತರಾಜುವಿಗೆ ಹೊಳೆಯಿತು. ನಕ್ಷೆಯ ಮೇಲೆ 'ಅನಂತರಾಜು, ಉಪ್ಪಾರಹಳ್ಳಿ' ಎಂದು ಹಸಿರಾಗಿ ಮಿನುಗುವುದು, ಅದನ್ನು ನೋಡಿ ಸಂಧ್ಯಾ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುವುದು ಕಣ್ಣಿಗೆ ಕಟ್ಟಿತು. ಆ ಕನಸಿನಲ್ಲಿಯೇ ಕೈ ಎತ್ತಿದ. ಬಡಿಸುವವನು ಇನ್ನಷ್ಟು ಮಜ್ಜಿಗೆ ಬೇಕೇನೋ ಎಂದು ಲೋಟ ತುಂಬಿಸಿಹೋದ. ರಮ್ಯಶ್ರೀ ಪೆಟ್ಟಿಗೆ ಕೊಟ್ಟಳು.

"ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ನಕ್ಷೇಲಿ ಕಾಣಿಸ್ಬೇಕು ಸರ್," ಎಂದಳು. "ಇಲ್ದಿದ್ರೆ ನಾನೇ ಬಂದು ವಾಪಸ್ ತಗೊಂಡ್‌ಹೋಗ್ತೀನಿ. ತುಂಬಾ ಜನ ಕಾಯ್ತಿದಾರೆ."

ಅನಂತರಾಜು ಅಲ್ಲಿಂದಲೇ ಹೆಂಡತಿಗೆ ಮೆಸೇಜು ಹಾಕಿದ. 'ಭಾನುವಾರ ಹತ್ತು ಗಂಟೆಗೆ ನಕ್ಷೆ ತೆಗೆದು ನೋಡು. ನಮ್ಮ ಮನೆ ಕಾಣುತ್ತದೆ. ನಾನೊಬ್ಬನೇ ಮಾಡಿ ಮುಗಿಸಿದ ಕೆಲಸ.' ಪೆಟ್ಟಿಗೆಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ತಾರಸಿಯ ಮೂಲೆಯಲ್ಲಿ, ಪ್ಲಾಸ್ಟಿಕ್ ಹೆಣಿಗೆಯ ಹಳೆಯ ಕುರ್ಚಿಯ ಮೇಲ್ಗಡೆ, ಗೋಡೆಗೆ ಒಂದು ಮೊಳೆಯಿತ್ತು. ಪೆಟ್ಟಿಗೆಯನ್ನು ಅದಕ್ಕೇ ಕಟ್ಟಿದ. ಆ ಕುರ್ಚಿ ಅವನ ತಾಯಿ ನಿಂಗಮ್ಮನವರದು. ಅವರು ತೀರಿಹೋಗಿ ಒಂದೂವರೆ ವರ್ಷವಾಗಿತ್ತು. ಉಬ್ಬಸದ ಜೀವ, ಊದುಬತ್ತಿ ಹೊಗೆ ಕಂಡರೆ ಆಗುತ್ತಿರಲಿಲ್ಲ. ಕೆಳಗೆ ಸಂಜೆ ಪೂಜೆ ಶುರುವಾದರೆ ಆಕೆ ಮೇಲೆ ಬಂದು ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ದೇವರಾಯನದುರ್ಗದ ಕಡೆಯಿಂದ ತಣ್ಣನೆಯ ಗಾಳಿ ಬಂದಾಗ, "ಗಾಳಿ ತಿರುಗ್ತು ಕಣಪ್ಪ, ಇನ್ನು ಸರಿಹೋಗ್ತೀನಿ," ಎನ್ನುತ್ತಿದ್ದರು. ಆ ಕುರ್ಚಿಯನ್ನು ಈವರೆಗೆ ಯಾರೂ ಅಲ್ಲಿಂದ ತೆಗೆದಿರಲಿಲ್ಲ.

ಪೆಟ್ಟಿಗೆಗೆ ಕರೆಂಟು ಕೊಟ್ಟದ್ದೇ ಕೆಂಪು ದೀಪ ಮಿಣುಕಿತು. ಜೊತೆಗಿದ್ದ ಚೀಟಿಯಲ್ಲಿ, ಕೆಂಪು ಮಿಣುಕಿದರೆ ವೈಫೈ ಸಿಕ್ಕಿಲ್ಲ, ಹಸಿರು ನಿಂತರೆ ಸಿಕ್ಕಿದೆ ಎಂದಿತ್ತು. ಫೋನಿನಲ್ಲಿ ವೈಫೈ ಹೆಸರು ಬರೆದ, ಪಾಸ್‌ವರ್ಡ್ ಬರೆದ, ಕಾದ. ಕೆಂಪೇ ಮಿಣುಕಿತು. ನಾಲ್ಕು ಸಲ ಹಾಗೇ ಆದಮೇಲೆ ಮನೆಗೆ ಇಂಟರ್‌ನೆಟ್ ಹಾಕಿಕೊಟ್ಟಿದ್ದ ಗೋವಿಂದರಾಜುವಿಗೆ ಫೋನು ಮಾಡಿದ.

"ಯಾವ ವೈಫೈ ಕೊಟ್ರಿ ಸಾರ್?" ಗೋವಿಂದರಾಜು ಕೇಳಿದ. "ನಿಮ್ಮನೇದು ಎರಡು ಹೆಸ್ರು ಐತೆ ನೋಡಿ. ಒಂದಕ್ಕೆ ಐದು ಅಂತ ಬಾಲ ಇರುತ್ತೆ."

"ಬಾಲ ಇರೋದೇ ಕೊಟ್ಟೆ. ಐದು ಅಂದ್ರೆ ದೊಡ್ಡದಲ್ವಾ?"

"ಅದೇ ತಪ್ಪು. ಇಂಥ ಸಣ್ಣ ಪೆಟ್ಟಿಗೆಗಳಿಗೆ ಆ ಐದು ಕಿವಿಗೇ ಬೀಳಲ್ಲ. ಬಾಲ ಇಲ್ದಿರೋದು ಕೊಡಿ, ಅದೇ ಗೋಡೆ ದಾಟಿ ದೂರ ಹೋಗೋದು. ಪಾಸ್‌ವರ್ಡ್ ಗೊತ್ತಲ್ಲ?"

"ಗೊತ್ತಿಲ್ದೆ ಏನು, ನಮ್ಮನೆಯವಳೇ ಇಟ್ಟಿದ್ದು. ಅವರಮ್ಮನ ಹೆಸರು."

ಇದಕ್ಕೆ ಆಧಾರವಿತ್ತು. ವರ್ಷದ ಹಿಂದೆ ರೂಟರ್ ಹಾಕಿಸಿದ ದಿನ ಸಂಧ್ಯಾ, "ಅಮ್ಮನ ಹೆಸರು ಇಟ್ಟಿದೀನಿ ಕಣ್ರೀ, ಮರೀಬೇಡಿ," ಎಂದಿದ್ದಳು. ಅನಂತರಾಜು ಕಿಟಕಿಯಿಂದ ಮುಖ ತಿರುಗಿಸದೆ ಹೂಂ ಎಂದಿದ್ದ. ಅವನ ಹಳೆಯ ಫೋನಿಗೆ ಅವಳೇ ವೈಫೈ ಹಾಕಿಕೊಟ್ಟಿದ್ದಳು. ಅದರಲ್ಲಿ ಪಾಸ್‌ವರ್ಡಿನ ಜಾಗ ಒತ್ತಿದರೆ, ರಂಗೋಲಿಗೆ ಇಟ್ಟ ಹಾಗೆ ಸಾಲಾಗಿ ಎಂಟು ಚುಕ್ಕಿ ಕಾಣುತ್ತಿದ್ದವು, ಅಕ್ಷರ ಕಾಣುತ್ತಿರಲಿಲ್ಲ. ಚುಕ್ಕಿಗಳು ಚೆನ್ನಾಗಿವೆ ಎಂದುಕೊಂಡನೇ ಹೊರತು ಎಣಿಸುವ ಗೋಜಿಗೆ ಹೋಗಲಿಲ್ಲ.

ಗಂಗಲಕ್ಷ್ಮಮ್ಮ ಎಂಬ ಹೆಸರನ್ನು ಬಾಯಲ್ಲಿ ಹೇಳುವುದು ಸುಲಭ, ಕನ್ನಡದಲ್ಲಿ ಬರೆಯುವುದೂ ಸುಲಭ. ಇಂಗ್ಲಿಷಿನಲ್ಲಿ ಬರೆಯಹೊರಟರೆ ಕಾಡು ಹೊಕ್ಕ ಹಾಗೆ. ಅತ್ತೆಯವರ ರೇಷನ್ ಕಾರ್ಡಿನಲ್ಲಿ ಎಮ್ ಕಮ್ಮಿ, ಆಧಾರಿನಲ್ಲಿ ಎಮ್ ಜಾಸ್ತಿ, ಆಸ್ಪತ್ರೆ ಚೀಟಿಯಲ್ಲಿ ಕೆ ಎಸ್ ಎಚ್ ಇರಬೇಕಾದ ಕಡೆ ಒಂದು ಎಕ್ಸ್ ಇದ್ದದ್ದು ಅವನಿಗೆ ನೆನಪಿತ್ತು. ಗುರುವಾರದ ಹೊತ್ತಿಗೆ ಕಾರ್ಖಾನೆಯ ಹಳೆಯ ಇಂಡೆಂಟ್ ಹಾಳೆಯ ಹಿಂದೆ ನಲವತ್ತೊಂದು ಬಗೆಯ ಗಂಗಲಕ್ಷ್ಮಮ್ಮಂದಿರು ಸಾಲಾಗಿ ನಿಂತಿದ್ದರು. ಪೆಟ್ಟಿಗೆ ಒಬ್ಬರನ್ನೂ ಒಪ್ಪಲಿಲ್ಲ.

ರೂಟರ್ ಇದ್ದದ್ದು ದೇವರ ಮನೆಯಲ್ಲಿ. ತಂತಿ ಒಳಬಂದದ್ದು ಆ ಕಿಟಕಿಯಿಂದಲೇ ಎಂಬ ಕಾರಣಕ್ಕೆ ಅದು ಗಣಪತಿಯ ಪಕ್ಕ ನೆಲೆಸಿತ್ತು. ಅಡಿಯಲ್ಲಿ ಏನಾದರೂ ಬರೆದಿದೆಯೇ ಎಂದು ತಿರುಗಿಸಿ ನೋಡಿದರೆ, ಆಯುಧಪೂಜೆಯಲ್ಲಿ ಸಂಧ್ಯಾ ಬಳಿದ ವಿಭೂತಿಯೂ ಕುಂಕುಮವೂ ಅಂಟಿಕೊಂಡು ಒಂದಕ್ಷರ ಕಾಣಲಿಲ್ಲ. ಮತ್ತೆ ಗೋವಿಂದರಾಜುವಿಗೆ ಫೋನು.

"ಎಷ್ಟಕ್ಷರ ಬರೀತಿದೀರಾ ಸಾರ್?"

ಅನಂತರಾಜು ಬೆರಳು ಮಡಿಸಿದ. ಗಂ, ಗ, ಲ, ಕ್ಷ್ಮ, ಮ್ಮ. "ಐದು."

"ಎಂಟಕ್ಕಿಂತ ಕಮ್ಮಿ ಇದ್ರೆ ರೂಟರ್ರೇ ಒಪ್ಪಲ್ಲ ಸಾರ್, ಏನೋ ಬಿಟ್ಟಿದೀರಾ. ಹಿಂದೆ ಒಂದು ಸಣ್ಣ ತೂತೈತೆ, ಪಿನ್ ಹಾಕಿ ಒತ್ತಿದ್ರೆ ಎಲ್ಲಾ ಮರೆತು ಹೊಸದಾಗುತ್ತೆ. ಆದ್ರೆ ನೀವು ಮಾತ್ರ ಒತ್ಬೇಡಿ. ಲೈನೂ ಹೊರಟೋಗುತ್ತೆ, ಆಮೇಲೆ ನಾನೇ ಬಂದು ಕೂರ್ಬೇಕು. ನಾನು ಕೋರ ಕಡೆ ಹಳ್ಳೀಲಿದೀನಿ, ಜೆಸಿಬಿಯವ್ನು ಕೇಬಲ್ ಕಿತ್ತಾಕವ್ನೆ. ಸೋಮವಾರ ಬರ್ತೀನಿ."

ಸೋಮವಾರ ಎಂದರೆ ಭಾನುವಾರ ಆದಮೇಲೆ. ಆದರೆ ಎಲ್ಲ ಮರೆತು ಹೊಸದಾಗುವ ಸಣ್ಣ ತೂತು ಎಂಬ ಮಾತು ಅನಂತರಾಜುವಿಗೆ ಬಹಳ ಹಿಡಿಸಿತು. ಮನುಷ್ಯರಿಗೂ ಅಂಥದೊಂದು ಎಲ್ಲಾದರೂ ಇದ್ದಿದ್ದರೆ ಎಂದು ಯೋಚಿಸುತ್ತ ಅರ್ಧ ಗಂಟೆ ದೇವರ ಮನೆಯ ಹೊಸ್ತಿಲ ಮೇಲೆ ಕೂತಿದ್ದ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಒಲೆ ಆರಿತ್ತು.

ಸಂಧ್ಯಾಳಿಗೆ ಒಂದು ಫೋನು ಮಾಡಿದ್ದರೆ ಅರೆ ನಿಮಿಷದ ಕೆಲಸ. ಆದರೆ ಮಾಡಿದರೆ ಗಾಳಿಗೋಪುರ ಎಂಬ ಮಾತು ಜೀವಮಾನಕ್ಕೆ ಅಂಟಿಕೊಳ್ಳುತ್ತದೆ. ಅವಳೇ ಫೋನು ಮಾಡಿದಾಗಲೂ ಬಾಯಿ ತಪ್ಪಿ ಎಲ್ಲಿ ಕೇಳಿಬಿಡುತ್ತೇನೋ ಎಂಬ ಹೆದರಿಕೆಯಿಂದ ಗುರುವಾರ ಸಂಜೆಯಿಂದ ಕುಣಿಗಲ್ಲಿನ ಫೋನು ಎತ್ತುವುದನ್ನೇ ಬಿಟ್ಟ. 'ಎಲ್ಲಾ ಚೆನ್ನಾಗಿದೆ' ಎಂದು ಮೆಸೇಜು ಮಾತ್ರ ಹಾಕಿದ. ಅವನು ಹಾಗೆ ಬರೆದರೆ ಏನೂ ಚೆನ್ನಾಗಿಲ್ಲ ಎಂದೇ ಅರ್ಥ ಎಂಬುದು ಸಂಧ್ಯಾಳಿಗೆ ಗೊತ್ತಿತ್ತು.

ಶುಕ್ರವಾರ ಸಂಜೆ ತಾರಸಿಯಲ್ಲಿ ಆಷಾಢದ ಗಾಳಿ ಭರ್ರೆಂದು ಬೀಸುತ್ತಿತ್ತು. ಒಣಹಾಕಿದ ಪಂಚೆಗಳು ತೆಂಗಿನ ಗರಿಗಳ ಜೊತೆ ಮಾತಾಡುತ್ತಿದ್ದವು. ಬಹುಶಃ ಪಾಸ್‌ವರ್ಡು ಸರಿಯೇ ಇದ್ದು ವೈಫೈಯೇ ಇಲ್ಲಿಯತನಕ ಬರುತ್ತಿಲ್ಲವೇನೋ ಎಂದು ಅನುಮಾನ ಬಂದು ಅನಂತರಾಜು ಪೆಟ್ಟಿಗೆಯನ್ನು ಮೊಳೆಯಿಂದ ಬಿಚ್ಚಿ, ಎರಡು ಕೈಯಲ್ಲೂ ಮುಖದ ಮುಂದೆ ಎತ್ತಿ ಹಿಡಿದು, ಮೂಲೆಯಿಂದ ಮೂಲೆಗೆ ನಿಧಾನವಾಗಿ ನಡೆಯುತ್ತಿದ್ದ. ಉಚ್ಚಾರ ಸರಿಯಾದರೆ ಸ್ಪೆಲಿಂಗೂ ಸಿಕ್ಕೀತೆಂದು ಬಾಯಲ್ಲಿ, "ಗಂಗಲಕ್ಷ್ಮಮ್ಮ. ಗಂಗಾಲಕ್ಷ್ಮಮ್ಮ. ಗಂಗ್‌ಲಕ್ಸ್‌ಮಮ್ಮ," ಎಂದುಕೊಳ್ಳುತ್ತಿದ್ದ.

ಪಕ್ಕದ ಮನೆಯ ತಾರಸಿಗೂ ಅವನದಕ್ಕೂ ನಡುವೆ ಒಂದು ಮೊಳದ ಅಂತರ. ಬಟ್ಟೆ ತೆಗೆಯಲು ಬಂದ ಶಾಂತಲಾ ಅಲ್ಲಿಯೇ ನಿಂತಳು.

"ಅಣ್ಣಾ, ಅದೇನದು ಕೈಯಲ್ಲಿ?"

"ಗಾಳಿ ಯಂತ್ರ ಕಣಮ್ಮ," ಎಂದ ಅನಂತರಾಜು ದೀಪದಿಂದ ಕಣ್ಣು ಕೀಳದೆ. "ಮನೆಗೆ ಕಟ್ಟಿಸ್ದೆ. ಗಾಳಿ ಕೆಟ್ಟದೋ ಒಳ್ಳೇದೋ ಹೇಳುತ್ತೆ."

ಯಂತ್ರ ಎಂದರೆ ಮೆಷಿನ್ನು, ತಾಮ್ರದ ತಗಡಿನ ಮೇಲೆ ಬರೆಸಿ ಬಾಗಿಲಿಗೆ ಕಟ್ಟುವಂಥದೂ ಯಂತ್ರವೇ. ಗಾಳಿ ಎಂದರೆ ಬೀಸುವ ಗಾಳಿ, ಮೈಮೇಲೆ ಬರುವಂಥದೂ ಗಾಳಿಯೇ. ಕನ್ನಡ ಎರಡೆರಡು ಅರ್ಥ ಇಟ್ಟುಕೊಂಡಿರುವುದು ಸಮಯ ನೋಡಿ ಕೈಕೊಡಲಿಕ್ಕೇ ಇರಬೇಕು. ಶಾಂತಲಾ ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು.

"ಅತ್ತೆಯವ್ರು ಹೆಂಗಿದಾರೆ?" ಎಂದು ಮೆಲ್ಲಗೆ ಕೇಳಿದಳು.

ಆ ಕ್ಷಣಕ್ಕೆ ಪೆಟ್ಟಿಗೆಯ ದೀಪವೇ ಆರಿತು. ಅನಂತರಾಜುವಿಗೆ ಲೋಕವೇ ಕಾಣಲಿಲ್ಲ, ಇನ್ನು ಶಾಂತಲಾಳ ಪ್ರಶ್ನೆ ಎಲ್ಲಿ ಕೇಳಬೇಕು. "ಹೋಯ್ತು," ಎಂದ.

"ಯಾವಾಗ ಹೋಯ್ತು?"

"ಈಗ ತಾನೇ. ಒಂದ್ಸಲ ಮಿಣುಕ್ ಅಂತು, ಹೋಯ್ತು."

"ಕಷ್ಟ ಏನಾದ್ರೂ ಪಟ್ಟುಬುಟ್ರಾ?"

"ಇಲ್ಲ, ಸುಮ್ನೆ ತಣ್ಣಗಾಗೋಯ್ತು. ನಾನು ಇಷ್ಟು ಸಲ ಹೆಸರು ಹಿಡ್ಕೊಂಡು ಕರೆದ್ರೂ ಕೇಳ್ತಾ ಇಲ್ಲ," ಎಂದ ಅಳುವ ದನಿಯಲ್ಲಿ. ಐದು ದಿನದ ಶ್ರಮ. ಶಾಂತಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಇಳಿದುಹೋದದ್ದನ್ನು ಅವನು ನೋಡಲಿಲ್ಲ. ಪ್ಲಗ್ಗಿನ ತಂತಿ ಕಾಲಿಗೆ ಸಿಕ್ಕಿ ಕಿತ್ತುಬಂದದ್ದನ್ನು ಪತ್ತೆ ಮಾಡಲು ಅವನಿಗೆ ಇನ್ನೂ ಹತ್ತು ನಿಮಿಷ ಹಿಡಿಯಿತು.

ಶನಿವಾರ ಕಾರ್ಖಾನೆಯಲ್ಲಿ ಅವನ ಮುಖ ನೋಡಿ ಲೇತ್ ಸೆಕ್ಷನ್ನಿನ ತಿಮ್ಮರಾಜು, "ಯಾಕಣ್ಣ, ಹಿಂಗಿದೀಯಾ?" ಎಂದು ಕೇಳಿದ.

"ಮನೇಲಿ ಗಾಳಿ ತೊಂದ್ರೆ ಕಣಯ್ಯ. ಸೋಮವಾರದಿಂದ ಒದ್ದಾಡ್ತಿದೀನಿ. ನಾಳೆ ಹತ್ತು ಗಂಟೆ ಮೀರಿದ್ರೆ ಕೈ ಬಿಟ್ಟೋಗುತ್ತೆ."

ತಿಮ್ಮರಾಜು ಸುತ್ತ ನೋಡಿ ದನಿ ತಗ್ಗಿಸಿದ. "ಮೊದ್ಲೇ ಹೇಳ್ಬಾರ್ದಾ. ಗುಬ್ಬಿಯಲ್ಲಿ ನಮ್ಮ ದೊಡ್ಡಪ್ಪ ಅವ್ರೆ, ವೆಂಕಟರಂಗಯ್ಯ ಅಂತ. ಎಂಥಾ ಗಾಳಿ ಆದ್ರೂ ಹಿಡಿದು ಒಂದ್ ಕಡೆ ಕಟ್ಟಾಕ್ತಾರೆ. ನಾಳೆ ಬೆಳಿಗ್ಗೇನೇ ಕಳಿಸ್ತೀನಿ."

ಗುಬ್ಬಿಯಂಥ ಊರಿನಲ್ಲಿ ಇಂಥ ತಾಂತ್ರಿಕರಿದ್ದಾರೆಂದು ಅನಂತರಾಜುವಿಗೆ ಹೆಮ್ಮೆಯಾಯಿತು. ತಾಂತ್ರಿಕ ಎಂಬ ಮಾತಿಗೂ ಎರಡು ಅರ್ಥವಿದೆ ಎಂಬುದು ಅವನ ತಲೆಗೆ ಬರಲಿಲ್ಲ.

ಭಾನುವಾರ ಎಂಟೂವರೆಗೆ ವೆಂಕಟರಂಗಯ್ಯನವರು ಬಂದರು. ಬಿಳಿ ಪಂಚೆ, ಹೆಗಲಿಗೆ ಬಟ್ಟೆಯ ಚೀಲ, ಹಣೆಯ ತುಂಬ ಕುಂಕುಮ. ಲ್ಯಾಪ್‌ಟಾಪು ಚೀಲದಲ್ಲಿರಬೇಕು ಎಂದುಕೊಂಡ ಅನಂತರಾಜು ಕಾಫಿ ಕೊಟ್ಟು ನಮ್ರವಾಗಿ ಎದುರು ಕೂತ.

"ಯಾವಾಗಿಂದ ಐತೆ?" ಎಂದರು ಹಿರಿಯರು.

"ಸೋಮವಾರದಿಂದ."

"ಏನಾರ ಕಾಣಿಸ್ಕಂತದಾ?"

"ಕೆಂಪಗೆ ಮಿಣುಕುತ್ತೆ. ಒಂದೇ ಸಮ."

"ಕೆಂಪಗೆ," ಎಂದು ವೆಂಕಟರಂಗಯ್ಯ ತಲೆದೂಗಿದರು. "ಓಡಾಡ್ತದಾ?"

"ಮೇಲೆ ತಾರಸೀಲಿ ಇದೆ. ಕೆಳಗಡೆಯಿಂದ ದೇವರ ಮನೆ ಗೋಡೆ ದಾಟಿ ಬರೋಕೆ ಕಷ್ಟ ಅನ್ಸುತ್ತೆ."

"ದಾಟಕಿಲ್ಲ, ದಾಟಕಿಲ್ಲ. ಏನಾರ ಕೇಳ್ತದಾ?"

"ಅದೇ ತೊಂದ್ರೆ ಸ್ವಾಮಿ. ಹೆಸರು ಕೇಳುತ್ತೆ. ನಮ್ಮತ್ತೆ ಹೆಸರು ಹೇಳ್ದೆ, ನಲವತ್ತೊಂದು ಥರ ಹೇಳ್ದೆ. ಒಪ್ತಾ ಇಲ್ಲ."

ನಲವತ್ತೊಂದು ಎಂಬುದು ಮಂತ್ರ ತಂತ್ರ ಬಲ್ಲವರ ಲೆಕ್ಕ. ವೆಂಕಟರಂಗಯ್ಯ ಮೊದಲ ಸಲ ಅವನನ್ನು ಗೌರವದಿಂದ ನೋಡಿದರು. "ಹಂಗಾರೆ ಅದು ನಿಮ್ಮತ್ತೆ ಅಲ್ಲ ಬುಡಿ. ಬ್ಯಾರೆ ಯಾರೋ. ಈ ಮನೇಲಿ ಬಾಳಿದ ಹಿರೀಕರು. ಹೆಸರು ಸರಿಯಾಗಿ ಹಿಡಿದು ಕರೆಯೋಗಂಟ ಅದು ಕೆಂಪಗೇ ಇರ್ತದೆ. ನಡೀರಿ ಮ್ಯಾಕೆ."

ಅವರು ತಾರಸಿಯಲ್ಲಿ ಪೆಟ್ಟಿಗೆಯ ಸುತ್ತ ನಾಲ್ಕು ನಿಂಬೆಹಣ್ಣು ಇಟ್ಟಾಗ ಅನಂತರಾಜುವಿಗೆ ಮೊದಲ ಅನುಮಾನ ಬಂತು. ಆದರೆ ಹತ್ತಕ್ಕೆ ಇಪ್ಪತ್ತು ನಿಮಿಷವಷ್ಟೇ ಉಳಿದಿತ್ತು, ಇಂಥ ವೇಳೆಯಲ್ಲಿ ನಿಂಬೆಹಣ್ಣಿನ ವಿಷಯ ವಾದ ಮಾಡುವುದು ಬೇಡವೆನಿಸಿತು. ಅಷ್ಟರಲ್ಲಿ ಕೆಳಗೆ ಕಾರು ನಿಂತ ಸದ್ದಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಅನಂತರಾಜುವಿನ ಪೆಟ್ಟಿಗೆ ಆರು ದಿನ ಹೆಣಗಿದರೂ ತಾರಸಿಯಿಂದ ಕೆಳಗಿನ ದೇವರ ಮನೆಗೆ ಒಂದು ಸುದ್ದಿ ಮುಟ್ಟಿಸಿರಲಿಲ್ಲ. ಶಾಂತಲಾಳ ಬಾಯಿಂದ ಹೊರಟ ಗಾಳಿಸುದ್ದಿ ಮಾತ್ರ ಯಾವ ರೂಟರಿನ ಹಂಗೂ ಇಲ್ಲದೆ ಶನಿವಾರ ಮಧ್ಯಾಹ್ನಕ್ಕೆಲ್ಲ ಕುಣಿಗಲ್ ತಲುಪಿತ್ತು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಮುಗಿದ ಕೈಗಳ ಚಿತ್ರ ಸಾಲುಗಟ್ಟಿದ್ದವು. ದುಃಖ ಹೇಳಲು ಯಾರೋ ಮಾಡಿದ ಫೋನನ್ನು ಎತ್ತಿದವರು ಗಂಗಲಕ್ಷ್ಮಮ್ಮನವರೇ. "ಯಾರು, ಅನಂತರಾಜು ಅತ್ತೆನಾ? ಅವ್ಳು ಇಲ್ಲೇ ಕೂತು ಮುದ್ದೆ ಮುರೀತಾವ್ಳೆ," ಎಂದು ಉತ್ತರ ಕೊಟ್ಟು, ಕೈ ತೊಳೆದು, ಮಗ ಜಯಪ್ರಕಾಶನಿಗೆ ಬೆಳಿಗ್ಗೆ ಕಾರು ತೆಗೆಯಲು ಹೇಳಿದ್ದರು.

ಹಾಗಾಗಿ ಈಗ ಬೀದಿಯಲ್ಲಿ ನಿಂತಿದ್ದವರಿಗೆ ಕಂಡದ್ದು ಇದು. ಶುಕ್ರವಾರ ಸಂಜೆ ತೀರಿಹೋದ ಗಂಗಲಕ್ಷ್ಮಮ್ಮ ವಾಕರ್ ಹಿಡಿದು ಕಾರಿನಿಂದ ಇಳಿದರು. ಹಾರ ತರಲು ಹೊರಟಿದ್ದ ಶಾಂತಲಾ ಗೇಟು ಹಿಡಿದು ನಿಂತಳು.

"ಯಾಕಮ್ಮ ಹಂಗ್ ನೋಡ್ತೀಯಾ? ಹೋದೋಳಿಗೆ ಒಂದ್ ಲೋಟ ನೀರು ಕೊಡು," ಎಂದರು ಗಂಗಲಕ್ಷ್ಮಮ್ಮ.

ಅದೇ ಹೊತ್ತಿಗೆ ರಮ್ಯಶ್ರೀ ಸ್ಕೂಟರಿನಲ್ಲಿ ಬಂದಳು. ಎಲ್ಲರೂ ಒಟ್ಟಾಗಿ ತಾರಸಿ ಹತ್ತಿದರು. ಗಂಗಲಕ್ಷ್ಮಮ್ಮನವರು ಒಂದೊಂದು ಮೆಟ್ಟಿಲಿಗೂ ಅಳಿಯನ ಬಗ್ಗೆ ಒಂದೊಂದು ಮಾತು ಹೇಳುತ್ತ, ಎರಡೂ ಕಡೆ ಸಂಧ್ಯಾ, ಜಯಪ್ರಕಾಶ ಇಬ್ಬರ ತೋಳು ಹಿಡಿದು ಹತ್ತಿದರು.

ಸಂಧ್ಯಾ ನಿಂಬೆಹಣ್ಣು ನೋಡಿದಳು, ಗುಬ್ಬಿಯ ಹಿರಿಯರನ್ನು ನೋಡಿದಳು, ಗಂಡನ ಗಡ್ಡ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಫೋನ್ ಯಾಕ್ರೀ ಎತ್ಲಿಲ್ಲ? ನಿಮಗೇನಾಯ್ತೋ ಅಂತ ಎಷ್ಟ್ ಹೆದರ್ಕೊಂಡೆ ಗೊತ್ತಾ?"

"ಎತ್ತಿದ್ರೆ ಕೇಳ್ಬಿಡ್ತಿದ್ದೆ ಕಣೇ," ಎಂದ ಅನಂತರಾಜು.

"ಅಳಿಯಂದ್ರೆ, ನಾನು ಬದುಕಿರೋವಾಗ್ಲೇ ನನ್ನ ಹೆಸರು ಜಪ ಮಾಡ್ತಿದ್ರಂತೆ," ಎಂದರು ಅತ್ತೆ.

"ಅವ್ವಾ, ನೀನು ಮೊದ್ಲು ಕೂತ್ಕೋ," ಎಂದು ಸಂಧ್ಯಾ ಆ ಹಳೆಯ ಕುರ್ಚಿಯ ಕಡೆ ತಿರುಗಿದವಳು ಅರೆಕ್ಷಣ ತಡೆದಳು. "ಇರು, ಅಮ್ಮನ ಕುರ್ಚಿ. ಧೂಳು ಒರೆಸ್ತೀನಿ. ಆಮೇಲೆ ಕೂತ್ಕೋ ಅವ್ವ."

ರಮ್ಯಶ್ರೀ ಫೋನಿನಲ್ಲಿ ಗಂಟೆ ನೋಡಿ, "ಸರ್, ಹತ್ತಕ್ಕೆ ಎರಡು ನಿಮಿಷ. ಬಿಚ್ಚಿಕೊಳ್ಲಾ?" ಎಂದಳು.

ಅನಂತರಾಜು ಸೆರಗಿನಿಂದ ಕುರ್ಚಿ ಒರೆಸುತ್ತಿದ್ದ ಹೆಂಡತಿಯನ್ನೇ ನೋಡುತ್ತಿದ್ದ. ಕುಕ್ಕರು ಸೀದ ದಿನದಿಂದ ಈ ದಿನದವರೆಗೆ, ಅಲ್ಲ, ಮದುವೆಯಾದ ದಿನದಿಂದಲೂ ಅವಳು ಹೆತ್ತವಳನ್ನು ಕರೆದದ್ದು ಅವ್ವ ಎಂದು. ಅವಳ ಬಾಯಲ್ಲಿ ಅಮ್ಮ ಎಂದು ಕರೆಸಿಕೊಂಡವರು ಲೋಕದಲ್ಲಿ ಒಬ್ಬರೇ. ರೂಟರ್ ಬಂದದ್ದು ಅವರು ತೀರಿಹೋಗಿ ಆರು ತಿಂಗಳಾದ ಮೇಲೆ.

ಅವನು ಫೋನು ತೆಗೆದ. ಆ ಎಂಟು ಚುಕ್ಕಿಗಳನ್ನು ಮೊದಲ ಸಲ ಬೆರಳಿಟ್ಟು ಎಣಿಸಿದ. ಆಮೇಲೆ ಪೆಟ್ಟಿಗೆ ಕೇಳಿದ ಕಡೆ ಎಂಟು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬರೆದ. ನಿಂಗಮ್ಮ. ಆ ಹೆಸರು ಬರೆಯಲು ಸ್ಪೆಲಿಂಗಿನ ತಂಟೆಯೇ ಇರಲಿಲ್ಲ.

ಕೆಂಪು ದೀಪ ಮೂರು ಸಲ ಮಿಣುಕಿ ಆರಿತು. ಪಂಚೆಗಳು ಪಟಪಟ ಎನ್ನುತ್ತಿದ್ದವು. ಹಸಿರು ಮೂಡಿ ನಿಂತಿತು.

"ನಾನೇಳ್ಲಿಲ್ವಾ," ಎಂದು ವೆಂಕಟರಂಗಯ್ಯ ನಿಂಬೆಹಣ್ಣುಗಳನ್ನು ಚೀಲಕ್ಕೆ ತುಂಬಿಕೊಂಡರು. "ಹಿರೀಕರ ಹೆಸರು ಹಿಡಿದು ಕರೆದ್ರೆ ಬತ್ತಾರೆ. ಬಂದ್ರು." ಶಾಂತಲಾ ಪೆಟ್ಟಿಗೆಗೆ ಕೈ ಮುಗಿದಳು.

ಸಂಧ್ಯಾ ಗಂಡನ ಕೈಯಲ್ಲಿದ್ದ ಫೋನಿನೊಳಗೆ ಇಣುಕಿ ನೋಡಿದಳು. "ಫೋನ್ ಮಾಡಿ ಕೇಳ್ಲಿಲ್ಲ ನೀವು. ಒಪ್ದೆ," ಎಂದಳು. "ಇನ್ಮೇಲೆ ಆ ಮಾತಾಡಲ್ಲ."

"ಚುಕ್ಕಿಗೆ ಏನ್ ಹೆಸರು ಹಾಕ್ಲಿ ಸರ್? ನಿಮ್ದೇ ಹಾಕ್ಲಾ?" ಎಂದು ರಮ್ಯಶ್ರೀ ಕೇಳಿದಳು.

ಅನಂತರಾಜು ವಾರವೆಲ್ಲ ಆ ಚುಕ್ಕಿಯ ಕನಸು ಕಂಡಿದ್ದ. ಈಗ ಆ ಕನಸು ಎಲ್ಲಿಟ್ಟನೋ ಮರೆತೇ ಹೋಗಿತ್ತು. "ನಿಂಗಮ್ಮ ಅಂತ ಹಾಕಿ," ಎಂದ.

"ವಾರವೆಲ್ಲ ನನ್ನ ಹೆಸರು ಹೇಳಿ ನನ್ನ ಸಾಯಿಸಿದ್ರಿ," ಎಂದರು ಕುರ್ಚಿಯಲ್ಲಿ ಕೂತ ಗಂಗಲಕ್ಷ್ಮಮ್ಮ. "ಕೊನೇಗೆ ಹೆಸರು ಬಂದಿದ್ದು ನಮ್ಮ ಬೀಗ್ತಿದು. ಬುಡಿ, ಆವಮ್ಮ ಒಳ್ಳೇವ್ಳು." ಅಷ್ಟೆತ್ತರ ಮೆಟ್ಟಿಲು ಹತ್ತಿ ಇಳಿದ ಮೇಲೆ ಮತ್ತೆ ಕಾರು ಹತ್ತುವುದು ಯಾರ ಕೈಲಾಗುತ್ತದೆ ಎಂದು ಅವರು ಆ ಆಷಾಢ ಮುಗಿಯುವವರೆಗೆ ಅಳಿಯನ ಮನೆಯಲ್ಲಿಯೇ ಉಳಿದರು, ಕಾಲು ಚಾಚಿಕೊಂಡೇ ಮಲಗಿದರು.

ಒಂದು ವಾರ ಕಳೆದ ಮೇಲೆ ಒಂದು ಸಂಜೆ ಅನಂತರಾಜು ತಾರಸಿಯಲ್ಲಿ ನಿಂತು ಎಲ್ಲಿಯೋ ಇದ್ದಾಗ ರಮ್ಯಶ್ರೀಯ ಫೋನು ಬಂತು.

"ಸರ್, ನಿಂಗಮ್ಮನವ್ರು ದಿನಾ ಪೂರ್ತಿ ಹಸಿರಾಗಿರ್ತಾರೆ. ಸಂಜೆ ಆರೂವರೆಗೆ ಹತ್ ನಿಮಿಷ ಮಾತ್ರ ಹಳದಿ ಆಗ್ತಾರೆ. ಪೆಟ್ಟಿಗೇಲಿ ಏನಾದ್ರೂ ತೊಂದ್ರೆನಾ?"

ಅನಂತರಾಜು ತಿರುಗಿ ನೋಡಿದ. ಪಕ್ಕದ ತಾರಸಿಯ ಅಂಚಿನಲ್ಲಿ, ಪೆಟ್ಟಿಗೆಗೆ ಒಂದು ಮೊಳ ದೂರದಲ್ಲಿ, ಶಾಂತಲಾ ನಾಲ್ಕು ಊದುಬತ್ತಿ ಹಚ್ಚಿಟ್ಟು ಕಣ್ಣು ಮುಚ್ಚಿ ನಿಂತಿದ್ದಳು. ಹೊಗೆ ಎಳೆಯೆಳೆಯಾಗಿ ಈಚೆಗೆ ಬಂದು ಪೆಟ್ಟಿಗೆಯನ್ನೂ ಕೆಳಗಿನ ಕುರ್ಚಿಯನ್ನೂ ಸುತ್ತುತ್ತಿತ್ತು.

"ತೊಂದ್ರೆ ಏನಿಲ್ಲಮ್ಮ," ಎಂದ ಅವನು. "ಅಮ್ಮನಿಗೆ ಮೊದ್ಲಿಂದ್ಲೂ ಊದುಬತ್ತಿ ಹೊಗೆ ಆಗ್ತಿರಲಿಲ್ಲ. ಈಗ ಗಾಳಿ ತಿರುಗುತ್ತೆ, ಸರಿಹೋಗ್ತಾರೆ."